ಎಲ್‌ಪಿಯಿಂದ ಕಂಪ್ಯೂಟರಿಗೆ ಇಳಿಸಿಕೊಂಡ ಹಾಡುಗಳಲ್ಲಿ ಸ, ಶ, ಚ ಕಿವಿಗೆ ಚುಚ್ಚುತ್ತವೆ: ಪರಿಹಾರವೇನು?

ಪ್ರಶ್ನೆ (ಹಳೆತಟ್ಟೆ)

ನಮ್ಮ ತಂದೆಯವರು ಕೂಡಿಟ್ಟಿದ್ದ ಹಳೆಯ ಹಾಡಿನ ತಟ್ಟೆಗಳನ್ನು, ಅಂದರೆ ಸುಮಾರು ನಲವತ್ತು ಎಲ್‌ಪಿಗಳನ್ನೂ ಒಂದಷ್ಟು ಇಪಿಗಳನ್ನೂ (ಚಿಕ್ಕ ತಟ್ಟೆಗಳು) ಆಡಾಸಿಟಿ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ. ಹೆಚ್ಚಿನವು ಗಾಯನದವು. ಗಾಯಕಿ ‘ಸ’ ಅಥವಾ ‘ಶ’ ಎಂದಾಗಲೆಲ್ಲ ಕಾದ ಎಣ್ಣೆಗೆ ಕರಿಬೇವು ಬಿದ್ದಂತೆ ಚುರ್ರೆನ್ನುವ ಸದ್ದು ಬರುತ್ತದೆ. ಪ್ರತಿ ಬದಿಯ ಮೊದಲ ಹಾಡಿನಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ, ಕೊನೆಯ ಹಾಡಿನಲ್ಲಿ ಸಹಿಸಲಾಗುವುದಿಲ್ಲ. ಈಕ್ವಲೈಜರಿನಲ್ಲಿ (ಸದ್ದಿನ ಬೇರೆ ಬೇರೆ ಆವರ್ತನಗಳನ್ನು ಏರಿಸಿ ಇಳಿಸುವ ಸಾಧನ) 6ರಿಂದ 9 ಕಿಲೋಹರ್ಟ್ಸ್ ವರೆಗಿನ ಭಾಗವನ್ನು 8 ಡೆಸಿಬಲ್ ತಗ್ಗಿಸಿ ನೋಡಿದೆ. ಚುರುಗುಟ್ಟುವಿಕೆ ಕಡಿಮೆಯಾಯಿತು, ಆದರೆ ಪಿಟೀಲಿಗೆ ಕಂಬಳಿ ಹೊದಿಸಿದಂತಾಯಿತು. ಬೇರೆ ದಾರಿಯಿದ್ದರೆ ದಯವಿಟ್ಟು ತಿಳಿಸಿ. ನನ್ನ ಪ್ಲೇಯರಿನಲ್ಲಿರುವುದು ಸಾಧಾರಣ ಗುಂಡುತುದಿಯ ಮುಳ್ಳು.

ಉತ್ತರ (ಮುಳ್ಳುಮೊನೆ)

ಕೊನೆಯ ಹಾಡಿಗೆ ಬಂದಾಗ ತೊಂದರೆ ಹೆಚ್ಚುತ್ತದೆ ಎಂದು ನೀವೇ ಬರೆದಿದ್ದೀರಿ. ರೋಗದ ಮೂಲ ಅಲ್ಲೇ ಇದೆ, ಅದನ್ನು ತಂತ್ರಾಂಶದಲ್ಲಿ ಹುಡುಕಬೇಡಿ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಹೊರ ಅಂಚಿನಲ್ಲಿ ಗೆರೆಯು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಸಾಗಿದರೆ, ಒಳಗಿನ ಕೊನೆಯ ಸುತ್ತುಗಳಲ್ಲಿ ಸುಮಾರು 21 ಸೆಂಟಿಮೀಟರ್ ಮಾತ್ರ ಸಾಗುತ್ತದೆ. 8 ಕಿಲೋಹರ್ಟ್ಸ್‌ನ ಒಂದು ಅಲೆಗೆ ಹೊರಗಡೆ 64 ಮೈಕ್ರಾನ್ ಜಾಗ ಸಿಕ್ಕರೆ ಒಳಗಡೆ ಸಿಗುವುದು 26 ಮೈಕ್ರಾನ್ ಅಷ್ಟೆ. ಗುಂಡುತುದಿಯ ಮುಳ್ಳಿನ ತ್ರಿಜ್ಯವೇ ಸುಮಾರು 18 ಮೈಕ್ರಾನ್ ಇರುವುದರಿಂದ ಆ ಇಕ್ಕಟ್ಟಾದ ತಿರುವುಗಳೊಳಗೆ ಅದು ಇಳಿಯಲಾರದೆ ಮೇಲೆ ಮೇಲೆ ಹಾರುತ್ತದೆ, ಸಕಾರ ಒಡೆದುಹೋಗುತ್ತದೆ. ಬದಿಯ ತ್ರಿಜ್ಯ 8 ಮೈಕ್ರಾನ್ ಇರುವ ಅಂಡಾಕಾರದ ಮುಳ್ಳು ಹಾಕಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಮುಳ್ಳು ತಟ್ಟೆಯ ಮೇಲೆ ಹಾಕುವ ಭಾರವನ್ನೂ ಸಣ್ಣ ತಕ್ಕಡಿಯಲ್ಲಿ ಅಳೆಯಿರಿ. ಹಗುರವಾದಷ್ಟೂ ತಟ್ಟೆ ಸವೆಯುವುದಿಲ್ಲವೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ತಯಾರಕರು ಸೂಚಿಸಿದ ಮಿತಿಗಿಂತ ಹಗುರವಾದ ಮುಳ್ಳು ಗೆರೆಯೊಳಗೆ ನಿಲ್ಲದೆ ಕುಪ್ಪಳಿಸುತ್ತ ಗೋಡೆಗಳನ್ನು ಕೆತ್ತಿಹಾಕುತ್ತದೆ. ಮುಳ್ಳಿನ ತೋಳು ತಟ್ಟೆಯ ನಡುವಿನತ್ತ ಜಾರದಂತೆ ತಡೆಯುವ ಆಂಟಿ-ಸ್ಕೇಟಿಂಗ್ ಗುಂಡಿಯನ್ನೂ ನೋಡಿ. ಅದು ಸೊನ್ನೆಯಲ್ಲಿದ್ದರೆ ತೋಳು ಒಳಕ್ಕೆ ಎಳೆದುಕೊಂಡು ಬಲ ಚಾನೆಲ್ಲಿನ ಹೊರಗೋಡೆಯ ಮೇಲೆ ಹಿಡಿತ ತಪ್ಪುತ್ತದೆ.

ಉತ್ತರ (ತಂಬೂರಿ)

ಮೇಲಿನವರ ಮಾತು ಸರಿ, ಆದರೂ ತಂತ್ರಾಂಶಕ್ಕೂ ಕೆಲಸವಿದೆ. ಈಕ್ವಲೈಜರ್ ಹಾಡಿನುದ್ದಕ್ಕೂ ಒಂದೇ ಸಮನೆ ತಗ್ಗಿಸುತ್ತದೆ. ಪಿಟೀಲು ಮಂಕಾದದ್ದು ಅದರಿಂದಲೇ. ನಿಮಗೆ ಬೇಕಾದದ್ದು ಡಿ-ಎಸ್ಸರ್. ಆಯ್ದ ಆವರ್ತನಗಳ ಪಟ್ಟಿಯಲ್ಲಿ ಸದ್ದಿನ ಶಕ್ತಿ ಒಂದು ಮಿತಿ ಮೀರಿದ ಕ್ಷಣದಲ್ಲಿ ಮಾತ್ರ ಅದು ತಗ್ಗಿಸಿ, ಸಕಾರ ಮುಗಿಯುತ್ತಲೇ ಕೈಬಿಡುತ್ತದೆ. ಆಡಾಸಿಟಿಗೆ ಇದನ್ನು ಪ್ಲಗಿನ್ ಆಗಿ ಸೇರಿಸಿಕೊಳ್ಳಬಹುದು. ಮೊದಲು ಸ್ಪೆಕ್ಟ್ರೋಗ್ರಾಂ ನೋಟದಲ್ಲಿ (ಯಾವ ಆವರ್ತನದಲ್ಲಿ ಎಷ್ಟು ಸದ್ದಿದೆಯೆಂದು ತೋರಿಸುವ ಚಿತ್ರ) ಆ ಗಾಯಕಿಯ ‘ಸ’ ಎಲ್ಲಿ ಬೆಳಗುತ್ತದೆಂದು ನೋಡಿಕೊಳ್ಳಿ. ಹೆಣ್ಣು ದನಿಯಲ್ಲಿ ಸಾಮಾನ್ಯವಾಗಿ 6 ಕಿಲೋಹರ್ಟ್ಸ್‌ಗಿಂತ ಮೇಲೆ, ಗಂಡು ದನಿಯಲ್ಲಿ ಅದಕ್ಕಿಂತ ಕೆಳಗೆ ಇರುತ್ತದೆ. ‘ಶ’ ಎರಡರಲ್ಲೂ ಇನ್ನಷ್ಟು ಕೆಳಗೆ. ಐದಾರು ಡೆಸಿಬಲ್ಲಿಗಿಂತ ಹೆಚ್ಚು ತಗ್ಗಿಸಬೇಡಿ. ನಾನೊಮ್ಮೆ ಆಸೆಬಿದ್ದು 12ಕ್ಕೆ ಹೋಗಿ ‘ಸರಸ್ವತಿ’ಯನ್ನು ‘ಥರಥ್ವತಿ’ ಮಾಡಿಟ್ಟಿದ್ದೇನೆ.

ಒಂದು ಮಾತು ನೆನಪಿರಲಿ: ಒಡೆದ ಸಕಾರದ ಸದ್ದನ್ನು ಡಿ-ಎಸ್ಸರ್ ತಗ್ಗಿಸಬಲ್ಲದೇ ಹೊರತು ಒಡಕನ್ನು ಬೆಸೆಯಲಾರದು. ಹಾಗಾಗಿ 24 ಬಿಟ್‌ನಲ್ಲಿ, ಅತಿ ಜೋರಿನ ಜಾಗವೂ ಮೈನಸ್ 6 ಡೆಸಿಬಲ್ ದಾಟದಂತೆ ರೆಕಾರ್ಡ್ ಮಾಡಿ, ಏನೂ ತಿದ್ದದ ಆ ಮೂಲ ಕಡತವನ್ನು ಬೇರೆಯಾಗಿ ಇಟ್ಟುಕೊಳ್ಳಿ. ಚಿಟಿಚಿಟಿ ತೆಗೆಯುವ ಕೆಲಸವನ್ನು ಮೊದಲು ಮುಗಿಸಿ ಆಮೇಲೆ ಡಿ-ಎಸ್ಸರ್ ಹಾಕಿ.

ಉತ್ತರ (ಮುಳ್ಳುಮೊನೆ)

ಇಪಿಗಳ ವಿಷಯ ಬಿಟ್ಟಿದ್ದೆ. 1960ರ ದಶಕದ ಚಿತ್ರಗೀತೆಗಳ ಇಪಿಗಳು ಹೆಚ್ಚಾಗಿ ಮೊನೊ, ಅಂದರೆ ಎರಡೂ ಚಾನೆಲ್ಲಿಗೂ ಒಂದೇ ಸದ್ದು. ಸ್ಟೀರಿಯೊ ಕಾರ್ಟ್ರಿಡ್ಜಿನಲ್ಲಿ (ಮುಳ್ಳನ್ನು ಹಿಡಿದಿರುವ ಭಾಗ) ರೆಕಾರ್ಡ್ ಮಾಡಿ ಎರಡೂ ಚಾನೆಲ್ಲುಗಳನ್ನು ಒಂದುಗೂಡಿಸಿದರೆ, ಮುಳ್ಳಿನ ಮೇಲೆ-ಕೆಳಗಿನ ಜಿಗಿತದಿಂದ ಹುಟ್ಟಿದ ಸದ್ದು ಪರಸ್ಪರ ವಿರುದ್ಧವಾಗಿರುವುದರಿಂದ ತಾನಾಗಿ ಅಳಿದುಹೋಗುತ್ತದೆ. ಒಂದು ಚಾನೆಲ್ ಮಾತ್ರ ಹಾಳಾಗಿದ್ದರೆ ಕೂಡಿಸುವುದೂ ಬೇಡ, ಚೆನ್ನಾಗಿರುವುದನ್ನೇ ಎರಡೂ ಕಡೆ ಇಟ್ಟುಕೊಳ್ಳಿ.

ಹಳೆತಟ್ಟೆ

ಇಬ್ಬರಿಗೂ ಕೃತಜ್ಞತೆಗಳು. ಆಂಟಿ-ಸ್ಕೇಟಿಂಗ್ ಸೊನ್ನೆಯಲ್ಲಿಯೇ ಇತ್ತು. ಮುಳ್ಳಿನ ಭಾರ 2 ಗ್ರಾಂ ಇರಬೇಕಾದ ಕಡೆ 1.3 ಇತ್ತು. ಅವೆರಡನ್ನೂ ಸರಿಪಡಿಸಿ ಅಂಡಾಕಾರದ ಮುಳ್ಳು ಹಾಕಿದ ಮೇಲೆ ಬಹುತೇಕ ತಟ್ಟೆಗಳಿಗೆ ಡಿ-ಎಸ್ಸರಿನ ಅಗತ್ಯವೇ ಬೀಳಲಿಲ್ಲ. ಎರಡು ಎಲ್‌ಪಿಗಳಲ್ಲಿ ಮಾತ್ರ ಕೊನೆಯ ಹಾಡಿನ ಬಲ ಚಾನೆಲ್ ಈಗಲೂ ಚುರುಗುಟ್ಟುತ್ತದೆ. ಅವು ಮನೆಯಲ್ಲಿ ಅತಿ ಹೆಚ್ಚು ಹಾಕುತ್ತಿದ್ದ ತಟ್ಟೆಗಳು, ಸವೆತ ಗೆರೆಯಲ್ಲೇ ಇದೆಯೆಂದು ಕಾಣುತ್ತದೆ. ಅವಕ್ಕೆ 4 ಡೆಸಿಬಲ್ ಡಿ-ಎಸ್ಸರ್ ಹಾಕಿದ್ದೇನೆ. ಈ ಮೊದಲು ರೆಕಾರ್ಡ್ ಮಾಡಿದ್ದ ಹನ್ನೊಂದು ಎಲ್‌ಪಿಗಳನ್ನು ಅಳಿಸಿ ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದೇನೆ.