‘ಸೂಪರ್‌ಸೀಡ್’ ಸ್ಪೆಲಿಂಗ್: ನಡುವೆ ಬರೋದು ‘ಸಿ’ನಾ, ‘ಎಸ್’ಆ?

ಕರಡುಪ್ರತಿ:
ಇಂಗ್ಲಿಷ್ ಸುತ್ತೋಲೆಯ ಕರಡಿನಲ್ಲಿ ‘ಈ ಆದೇಶ ಹಿಂದಿನ ಆದೇಶವನ್ನು ಸೂಪರ್‌ಸೀಡ್ ಮಾಡುತ್ತದೆ’ ಅನ್ನೋ ಅರ್ಥದ ಸಾಲಿದೆ. ‘ಸೂಪರ್’ ಆದಮೇಲೆ ಸಿ-ಇ-ಡಿ-ಇ ಬರೀಬೇಕೋ, ಎಸ್-ಇ-ಡಿ-ಇ ಬರೀಬೇಕೋ? ಪ್ರಿಸೀಡ್, ಕನ್ಸೀಡ್, ರಿಸೀಡ್ ಎಲ್ಲಕ್ಕೂ ‘ಸಿ’ ಇದೆಯಲ್ಲ. ಇನ್ನೊಂದು ಅನುಮಾನ: ಹಳೆಯ ಆದೇಶದ ಒಂದೇ ಕಂಡಿಕೆ ಬದಲಾಗ್ತಿದ್ರೂ ಈ ಪದ ಹಾಕಬಹುದಾ? ಪತ್ರಿಕೆಗಳಲ್ಲಿ ‘ಪುರಸಭೆ ಸೂಪರ್‌ಸೀಡ್’ ಅಂತ ಬರೋದೂ ಇದೇ ಪದವಾ?

ಬೇರುಹುಡುಕ:
‘ಎಸ್’. ಕಿವಿಯನ್ನು ನಂಬಿದರೆ ಇಲ್ಲಿ ಕೆಟ್ಟಿರಿ. ಕನ್ನಡದಲ್ಲಿ ಬರೆದರಂತೂ ಎಲ್ಲವೂ ‘ಸೀಡ್’ ಆಗಿಬಿಡುತ್ತೆ, ಸುಳಿವೇ ಸಿಗಲ್ಲ. ಬೇರು ನೋಡಬೇಕು.

ನೀವು ಹೇಳಿದ ಪ್ರಿಸೀಡ್, ಕನ್ಸೀಡ್, ರಿಸೀಡ್ ಬಂದಿರೋದು ಲ್ಯಾಟಿನ್ನಿನ ‘ಕೇದೆರೆ’ಯಿಂದ. ಅದರರ್ಥ ಹೋಗು, ಬಿಟ್ಟುಕೊಡು. ಮುಂದೆ ಹೋಗು, ಸೋತು ಬಿಟ್ಟುಕೊಡು, ಹಿಂದೆ ಸರಿ: ಮೂರರಲ್ಲೂ ಯಾರೋ ಜಾಗ ಬಿಟ್ಟು ನಡೆಯುತ್ತಿದ್ದಾರೆ. ಸೂಪರ್‌ಸೀಡ್‌ನಲ್ಲಿ ಯಾರೂ ನಡೆಯಲ್ಲ. ಅದು ‘ಸೆದೆರೆ’, ಅಂದರೆ ಕೂರು. ಸೂಪರ್ ಅಂದರೆ ಮೇಲೆ. ಹಳೆಯದರ ಮೇಲೆ ಹೊಸದು ಬಂದು ಕೂತಿತು, ಅಷ್ಟೇ. ತಳದಲ್ಲಿ ಕೂರುವ ಸೆಡಿಮೆಂಟು, ಕೂತು ನಡೆಸುವ ಸೆಷನ್ನು ಇದೇ ಮನೆಯವು.

ಈ ಬೇರಿಗೆ ಸಂಸ್ಕೃತದಲ್ಲೂ ನೆಂಟ ಇದ್ದಾನೆ: ‘ಸದ್’ ಧಾತು. ಸದನ, ಸದಸ್ಯ, ಪರಿಷತ್ತು, ಸಂಸತ್ತು, ಗುರುವಿನ ಹತ್ತಿರ ಕೂರುವ ಉಪನಿಷತ್ತು, ಎಲ್ಲವೂ ಅಲ್ಲಿಂದಲೇ. ಸದಸ್ಯರ ‘ಸ’ ನೆನಪಿದ್ದರೆ ಸೂಪರ್‌ಸೀಡ್‌ನ ‘ಎಸ್’ ಮರೆಯೋ ಹಾಗೇ ಇಲ್ಲ.

ಲೆಕ್ಕ ಹೀಗಿದೆ. ಬಳಕೆಯ ಇಂಗ್ಲಿಷಿನಲ್ಲಿ ಎಸ್-ಇ-ಡಿ-ಇ ಅಂತ ಮುಗಿಯುವ ಈ ಜಾತಿಯ ಕ್ರಿಯಾಪದ ಇದೊಂದೇ. ಎರಡು ‘ಇ’ ಹಾಕಿ ಸಿ-ಇ-ಇ-ಡಿ ಅಂತ ಬರೆಯೋದು ಮೂರೇ: ಎಕ್ಸೀಡ್, ಪ್ರೊಸೀಡ್, ಸಕ್ಸೀಡ್. ಮಿಕ್ಕವಕ್ಕೆ ಸಿ-ಇ-ಡಿ-ಇ. (ಪ್ರೊಸೀಡ್‌ಗೆ ಎರಡು ‘ಇ’ ಕೊಟ್ಟು, ಪ್ರೊಸೀಜರ್‌ಗೆ ಬಂದಾಗ ಒಂದನ್ನು ಕಿತ್ತುಕೊಂಡವರಿಗೆ ಏನು ಹೇಳೋದೋ ಗೊತ್ತಿಲ್ಲ.)

ಹಾಗಂತ ‘ಸಿ’ ಹಾಕಿದವರನ್ನ ದಡ್ಡರು ಅನ್ನಬೇಡಿ. ಈ ಗೊಂದಲ ಇಂದು ನಿನ್ನೆಯದಲ್ಲ. ಮೆರಿಯಮ್-ವೆಬ್‌ಸ್ಟರ್ ನಿಘಂಟು ‘ಸಿ’ ರೂಪ 17ನೇ ಶತಮಾನದಿಂದ ಬಳಕೆಯಲ್ಲಿದೆ ಅಂತ ಒಪ್ಪುತ್ತೆ, ಆದರೂ ಬಹಳ ಜನ ಅದನ್ನು ತಪ್ಪೆಂದೇ ಎಣಿಸುತ್ತಾರೆ ಅಂತಲೂ ಹೇಳುತ್ತೆ. ಅಧಿಕೃತ ಪತ್ರದಲ್ಲಿ ಆ ವಾದಕ್ಕೆ ಯಾಕೆ ಜಾಗ ಕೊಡಬೇಕು?

ಟಿಪ್ಪಣಿಹಾಳೆ:
ಸ್ಪೆಲಿಂಗ್ ಆಯ್ತು. ಅರ್ಥದ ತಪ್ಪು ಅದಕ್ಕಿಂತ ದುಬಾರಿ.

ಸೂಪರ್‌ಸೀಡ್ ಅಂತ ಬರೆದರೆ ಹಳೆಯ ಆದೇಶ ಪೂರ್ತಿ ಹೋಯಿತು, ಅದರ ಜಾಗಕ್ಕೆ ಇದು ಬಂತು ಅಂತ. ಹತ್ತು ಕಂಡಿಕೆಯ ಆದೇಶದಲ್ಲಿ ನಾಲ್ಕನೆಯದೊಂದನ್ನೇ ಬದಲಿಸಿ ಈ ಪದ ಹಾಕಿದರೆ ಉಳಿದ ಒಂಬತ್ತೂ ಬಿದ್ದುಹೋದವು ಅಂತ ಯಾರಾದರೂ ವಾದಿಸಬಹುದು. ಅಂಥಲ್ಲಿ ‘ಇನ್ ಪಾರ್ಷಿಯಲ್ ಮಾಡಿಫಿಕೇಶನ್ ಆಫ್’ ಅಂತ ಶುರುಮಾಡಿ, ಕಂಡಿಕೆ ಸಂಖ್ಯೆ ಕೊಟ್ಟು, ಉಳಿದದ್ದರಲ್ಲಿ ಬದಲಾವಣೆ ಇಲ್ಲ ಅಂತ ಸೇರಿಸಿ. ಹಳೆಯದಕ್ಕೆ ಏನನ್ನೋ ಕೂಡಿಸುವುದಾದರೆ ‘ಇನ್ ಕಂಟಿನ್ಯುಯೇಶನ್ ಆಫ್’. ಪೂರ್ತಿ ಬದಲಾದಾಗ ಮಾತ್ರ ‘ಇನ್ ಸೂಪರ್‌ಸೆಷನ್ ಆಫ್’. ಆಗಲೂ ಹಳೆಯದರ ಸಂಖ್ಯೆ, ದಿನಾಂಕ ಎರಡೂ ಬೇಕು. ‘ಹಿಂದಿನ ಎಲ್ಲ ಆದೇಶಗಳು’ ಅಂದುಬಿಟ್ಟರೆ ಯಾವುದು ಹೋಯಿತು, ಯಾವುದು ಉಳಿಯಿತು ಅಂತ ಕಡತ ಹಿಡಿದು ಕೂರಬೇಕಾಗುತ್ತೆ. ಹೊಸದು ಜಾರಿಗೆ ಬರುವ ದಿನವನ್ನೂ ಬರೆಯಿರಿ, ಹಳೆಯದರಡಿ ಆಗಲೇ ಆಗಿರೋ ಕೆಲಸಗಳು ಊರ್ಜಿತ ಅನ್ನೋ ಸಾಲನ್ನೂ ಸೇರಿಸಿ.

ವಾಕ್ಯದಲ್ಲಿ ಹೊಸದು ಕರ್ತೃ, ಹಳೆಯದು ಕರ್ಮ. ಕರ್ಮಣಿಯಲ್ಲಿ ಬರೆದರೆ ‘ಸೂಪರ್‌ಸೀಡೆಡ್ ಬೈ’, ‘ವಿತ್’ ಬೇಡ.

ಪುರಸಭೆ ಸೂಪರ್‌ಸೀಡ್, ಸಹಕಾರ ಸಂಘದ ಆಡಳಿತ ಮಂಡಳಿ ಸೂಪರ್‌ಸೀಡ್: ಹೌದು, ಇದೇ ಪದ. ಚುನಾಯಿತರನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಆಡಳಿತಾಧಿಕಾರಿಯನ್ನು ಕೂರಿಸುತ್ತಾರೆ. ಇದನ್ನು ಸಸ್ಪೆಂಡ್ ಜೊತೆ ಬೆರೆಸಬೇಡಿ. ಸಂವಿಧಾನಕ್ಕೆ 97ನೇ ತಿದ್ದುಪಡಿಯಿಂದ ಸೇರಿದ, ಸಹಕಾರ ಸಂಘಗಳ ಆಡಳಿತ ಮಂಡಳಿ ಕುರಿತ 243ಝಡ್‌ಎಲ್ ವಿಧಿಯ ತಲೆಬರಹದಲ್ಲೇ ಸೂಪರ್‌ಸೆಷನ್, ಸಸ್ಪೆನ್ಷನ್ ಎರಡನ್ನೂ ಬೇರೆಬೇರೆಯಾಗಿ ಹೆಸರಿಸಿದ್ದಾರೆ.

ಇನ್ನೊಂದು ಬಳಕೆ ಸೇವಾ ಜ್ಯೇಷ್ಠತೆಯದು: ಹಿರಿಯರನ್ನು ಬಿಟ್ಟು ಕಿರಿಯರಿಗೆ ಬಡ್ತಿ. 1973ರ ಏಪ್ರಿಲ್‌ನಲ್ಲಿ, ಕೇಶವಾನಂದ ಭಾರತಿ ತೀರ್ಪು ಬಂದ ಬೆನ್ನಿಗೇ, ಹಿರಿಯ ನ್ಯಾಯಮೂರ್ತಿಗಳಾದ ಶೆಲತ್, ಕೆ.ಎಸ್. ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿಸಿ ಎ.ಎನ್. ರೇ ಅವರನ್ನು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟರು. ನಮ್ಮ ದಕ್ಷಿಣ ಕನ್ನಡದ ಕಡೆಯವರಾದ ಹೆಗ್ಡೆ 1977ರಲ್ಲಿ ಲೋಕಸಭಾ ಸ್ಪೀಕರ್ ಆದರು. ಇಲ್ಲಿ ‘ರದ್ದು’ ಅನ್ನೋ ಅರ್ಥವೇ ಇಲ್ಲ. ಅದಕ್ಕೇ ಕನ್ನಡಕ್ಕೆ ತರುವಾಗ ಎಲ್ಲ ಕಡೆ ‘ರದ್ದುಪಡಿಸಿ’ ಅಂತ ಹಾಕಬೇಡಿ. ಆದೇಶವಾದರೆ ‘ರದ್ದುಪಡಿಸಿ, ಅದರ ಬದಲಿಗೆ’. ಬಡ್ತಿಯಾದರೆ ‘ಜ್ಯೇಷ್ಠತೆ ಕಡೆಗಣಿಸಿ’.

ಕರಡುಪ್ರತಿ:
ಇಬ್ಬರಿಗೂ ಥ್ಯಾಂಕ್ಸ್. ಕಡತದಲ್ಲಿ ಎಪ್ಪತ್ತು ಪುಟ ಇದೆ, ಉದ್ದಕ್ಕೂ ‘ಸಿ’ನೇ. ಒಂದೇ ಏಟಿಗೆ ತಿದ್ದೋದು ಹೇಗೆ? ನಾಮಪದಕ್ಕೂ ‘ಎಸ್’ ತಾನೇ?

ಬೇರುಹುಡುಕ:
ಹೌದು, ಸೂಪರ್‌ಸೆಷನ್‌ನ ಬಾಲ ಥೇಟ್ ವಿಧಾನಸಭೆಯ ‘ಸೆಷನ್’. ಕನ್ಸೆಷನ್, ರಿಸೆಷನ್‌ಗೆ ‘ಸಿ’.

ವರ್ಡ್‌ನಲ್ಲಿ ಕಂಟ್ರೋಲ್-ಎಚ್ ಒತ್ತಿ. ಪೂರ್ತಿ ಪದ ಹುಡುಕಬೇಡಿ. ‘ಸೂಪರ್’ ಆದಮೇಲೆ ಸಿ-ಇ-ಡಿ ವರೆಗೆ ಮಾತ್ರ ಟೈಪ್ ಮಾಡಿ, ಬದಲಿಗೆ ‘ಸೂಪರ್’ ಸಮೇತ ಎಸ್-ಇ-ಡಿ ಕೊಡಿ. ಕೊನೆಯ ‘ಇ’ ಬಿಟ್ಟಿದ್ದರಿಂದ ‘ಐಎನ್‌ಜಿ’ ರೂಪವೂ ಸಿಕ್ಕಿಬೀಳುತ್ತೆ. ‘ಫೈಂಡ್ ಹೋಲ್ ವರ್ಡ್ಸ್ ಓನ್ಲಿ’ಗೆ ಟಿಕ್ ಇದ್ದರೆ ತೆಗೀರಿ, ಇಲ್ಲಾಂದ್ರೆ ಒಂದೂ ಸಿಗಲ್ಲ. ನಾಮಪದದಲ್ಲಿ ‘ಡಿ’ ಇಲ್ಲವಲ್ಲ, ಅದಕ್ಕೆ ‘ಸೂಪರ್’ ಸಮೇತ ಸಿ-ಇ-ಎಸ್-ಎಸ್ ಹುಡುಕಿ, ಆ ‘ಸಿ’ಗೆ ‘ಎಸ್’ ಹಾಕಿ ಇನ್ನೊಂದು ಸುತ್ತು ಹೊಡೀಬೇಕು.

ಟಿಪ್ಪಣಿಹಾಳೆ:
‘ರಿಪ್ಲೇಸ್ ಆಲ್’ ಒತ್ತೋ ಮುಂಚೆ ಒಂದು ನಿಮಿಷ. ಹಳೆಯ ಆದೇಶದಿಂದ ಉದ್ಧರಣ ಚಿಹ್ನೆಯೊಳಗೆ ಎತ್ತಿಕೊಂಡ ಸಾಲುಗಳಲ್ಲಿ ‘ಸಿ’ ಇದ್ದರೆ ಅದನ್ನು ಮುಟ್ಟಬೇಡಿ, ಮೂಲದಲ್ಲಿ ಇದ್ದ ಹಾಗೇ ಇರಲಿ. ಉದ್ಧರಣ ಇರೋ ಪುಟಗಳಲ್ಲಿ ‘ಫೈಂಡ್ ನೆಕ್ಸ್ಟ್’ ಒತ್ತುತ್ತಾ ಒಂದೊಂದನ್ನೇ ನೋಡಿ ಬದಲಿಸಿ.