ಹಳೆಯ ಲಾಂಗೆ 1 ವಾಚು, ಹಳದಿ ಚಿನ್ನ: ಕೊಳ್ಳುವ ಮುಂಚೆ ಏನೇನು ನೋಡಬೇಕು?

ಮುಳ್ಳುಗಂಟೆ:
ಜರ್ಮನ್ ವಾಚ್ ಕಂಪನಿ ಎ. ಲಾಂಗೆ ಉಂಡ್ ಝೋನೆಯ ಲಾಂಗೆ 1, ರೆಫರೆನ್ಸ್ (ಮಾದರಿ ನಂಬರು) 101.021, ಒಳಗೆ ಎಲ್901.0 ಮೂವ್‌ಮೆಂಟ್ (ಓಡಿಸುವ ಯಂತ್ರ). ಬಾಕ್ಸ್, ಪೇಪರ್ ಇವೆ, ಸರ್ವಿಸ್ ಚೀಟಿ ಇಲ್ಲ. ತಾರೀಖಿನ ಎರಡು ಅಂಕಿ ಒಂದೇ ಮಟ್ಟದಲ್ಲಿಲ್ಲ, ಒಂದು ಚೂರು ಮೇಲಿದೆ. ಇದು ದೋಷವಾ? ಕೇಸಿಗೆ (ಹೊರಗಿನ ಚಿನ್ನದ ಕವಚಕ್ಕೆ) ಪಾಲಿಶ್ ಹೊಡೆಸಿದ್ದಾರಾ ಅಂತ ಹೇಗೆ ತಿಳಿಯೋದು? ಇನ್ನೊಂದು, ರಾತ್ರಿ 12ಕ್ಕೆ ಸರಿಯಾಗಿ ತಾರೀಖು ಟಕ್ಕಂತ ಹಾರತ್ತೆ ಅಂತಾರೆ ಮಾರುವವರು.

ಬ್ಯಾಲೆನ್ಸ್_ಚಕ್ರ:
ಕೊನೆಯದನ್ನೇ ಮೊದಲು ಹೇಳ್ತೀನಿ. ಟಕ್ಕಂತ ಹಾರೋದು 2015ರಲ್ಲಿ ಬಂದ ಎಲ್121.1ರಲ್ಲಿ, ಅಂದ್ರೆ 191.021 ಮಾದರಿಯಲ್ಲಿ. 1994ರಿಂದ ಬಂದ ಎಲ್901.0ರಲ್ಲಿ ತಾರೀಖು ನಿಧಾನವಾಗಿ ಸರಿಯತ್ತೆ. ಡಯಲ್ ನೋಡಿ ಎರಡನ್ನೂ ಬೇರೆ ಮಾಡೋದು ಕಷ್ಟ, ಹಿಂಬದಿ ನೋಡಿ: ಹಳೆಯದರ ಬ್ಯಾಲೆನ್ಸ್ (ಅತ್ತಿತ್ತ ಆಡುವ ಚಕ್ರ) ಅಂಚಿನಲ್ಲಿ ಸಣ್ಣ ಸ್ಕ್ರೂಗಳಿರತ್ತವೆ, ಹೊಸದರಲ್ಲಿ ಸ್ಕ್ರೂ ಬದಲು ತೂಕದ ಬಿಲ್ಲೆಗಳು. ಮೂವ್‌ಮೆಂಟ್ ನಂಬರು, ಕೇಸ್ ನಂಬರು ಎರಡೂ ಪೇಪರಿಗೆ ತಾಳೆಯಾಗಲೇಬೇಕು. ಆಗದಿದ್ದರೆ ಮುಂದಿನದ್ದು ನೋಡೋದೇ ಬೇಡ.

ಅಂಕಿಯ ಮಟ್ಟ ದೋಷ ಅಲ್ಲ. ಹತ್ತರ ಸ್ಥಾನಕ್ಕೆ ಶಿಲುಬೆಯಾಕಾರದ ತಗಡು (ಖಾಲಿ, 1, 2, 3), ಬಿಡಿ ಸ್ಥಾನಕ್ಕೆ 0ರಿಂದ 9ರ ಉಂಗುರ. ಒಂದರ ಮೇಲೊಂದು ಕೂತಿವೆ, ಹಾಗಾಗಿ ಆಳದಲ್ಲಿ ಕೂದಲೆಳೆಯ ವ್ಯತ್ಯಾಸ ಇದ್ದೇ ಇರತ್ತೆ. ಅಂಕಿ ಕಿಟಕಿಯಲ್ಲಿ ಓರೆಯಾಗಿ ನಿಂತರೆ ಮಾತ್ರ ಚಿಂತೆ. 10 ಗಂಟೆ ಜಾಗದ ಗುಂಡಿಯನ್ನು 31 ಸಲ ಪೂರ್ತಿ ಒತ್ತಿ ನೋಡಿ. 9→10, 19→20, 29→30ರಲ್ಲಿ ಎರಡೂ ಒಟ್ಟಿಗೆ ತಿರುಗಬೇಕು. 31→1ರಲ್ಲಿ ಶಿಲುಬೆ ಮಾತ್ರ ಸರಿಯಬೇಕು, ಉಂಗುರ ಕದಲಬಾರದು. ಎಡವಿದರೆ ಸಾಮಾನ್ಯವಾಗಿ ಈ ನಾಲ್ಕು ಕಡೆಯಲ್ಲೇ. ರಾತ್ರಿ 9ರಿಂದ 3ರ ನಡುವೆ ಮುಳ್ಳಿದ್ದಾಗ ಗುಂಡಿ ಮುಟ್ಟಬೇಡಿ, ಗೇರು ಹಲ್ಲಿಗೆ ಹಲ್ಲು ಸಿಕ್ಕಿಕೊಂಡಿರತ್ತೆ. ಮುಳ್ಳನ್ನು 6ಕ್ಕೆ ತಂದು ಪರೀಕ್ಷಿಸಿ.

ಅರಮಣಿ:
ಪಾಲಿಶ್ ವಿಷಯ. ಈ ಕೇಸಿನ ಬದಿ ಗೆರೆಗೆರೆಯ ಮಂದ ಹೊಳಪಿನದು, ಬೆಜೆಲ್ (ಗಾಜಿನ ಸುತ್ತಲ ಉಂಗುರ) ಕನ್ನಡಿ ಹೊಳಪು. ಬದಿಯೂ ಫಳಫಳ ಅಂದರೆ ಯಾರೋ ಒಡವೆ ಅಂಗಡಿಯ ಬಫಿಂಗ್ ಚಕ್ರಕ್ಕೆ ಹಿಡಿದಿದ್ದಾರೆ ಅಂತಲೇ ಅರ್ಥ. ಬೆಲ್ಟ್ ಕೂರುವ ಕೊಂಬುಗಳ ಅಂಚು ಚೂಪಾಗಿದೆಯಾ, 750 ಮುದ್ರೆಯ ಆಳ ಉಳಿದಿದೆಯಾ ನೋಡಿ. ಸವೆದ ಚಿನ್ನ ವಾಪಸ್ ಬರಲ್ಲ. ಗೀರಿದ್ದರೂ ಮುಟ್ಟದ ಕೇಸೇ ಮೇಲು.

ಹೊಸಬ_22:
750 ಅಂದ್ರೆ 18 ಕ್ಯಾರೆಟ್ ಅಷ್ಟೇನಾ? ಇಷ್ಟು ದುಡ್ಡಿಗೆ 916 ಕೊಡಬಾರದಾ?

ಅರಮಣಿ:
22 ಕ್ಯಾರೆಟ್ ಮೆದು. ಮೇಜಿಗೆ ತಗುಲಿದರೆ ತಗ್ಗು ಬೀಳತ್ತೆ, ಸ್ಕ್ರೂ ಎಳೆ ಸವೆಯತ್ತೆ. ಬಳೆಯ ಲೆಕ್ಕ ವಾಚಿಗೆ ಬೇಡ.

ಬ್ಯಾಲೆನ್ಸ್_ಚಕ್ರ:
ಇನ್ನೊಂದು ಮರೆತಿದ್ದೆ. ಹಿಂಬದಿಯಲ್ಲಿ ಯಂತ್ರದ ಬಹುಪಾಲು ಮುಚ್ಚುವ ಮುಕ್ಕಾಲು ಪ್ಲೇಟ್ ಜರ್ಮನ್ ಸಿಲ್ವರ್, ಅಂದ್ರೆ ತಾಮ್ರ, ಸತು, ನಿಕಲ್; ಬೆಳ್ಳಿ ಇಲ್ಲ, ಮೇಲೆ ಲೇಪವೂ ಇಲ್ಲ. ಕಾಲಕ್ಕೆ ಜೇನುಬಣ್ಣ ತಿರುಗೋದು ಸಹಜ. ಆದರೆ ಬೆರಳಚ್ಚಿನ ಕಲೆ, ನೀಲಿ ಸ್ಕ್ರೂಗಳ ಸೀಳಿನಲ್ಲಿ ಗೀರು ಕಂಡರೆ ಸಿಕ್ಕಸಿಕ್ಕವರು ಬಿಚ್ಚಿದ್ದಾರೆ ಅಂತ ತಿಳಿಯಿರಿ.

ಕ್ರೌನ್ (ಕೀ ತಿರುಪು) ಗಟ್ಟಿಯಾಗಿ ನಿಲ್ಲೋವರೆಗೆ ಕೀ ಕೊಡಿ, ಆಮೇಲೆ ಬಲ ಹಾಕಬೇಡಿ. ಡಯಲ್‌ನಲ್ಲಿ ಎಷ್ಟು ಕೀ ಉಳಿದಿದೆ ಅಂತ ತೋರಿಸುವ ಸೂಚಿ 'ಔಫ್' (ಪೂರ್ತಿ ಕೀ) ತೋರಿಸಬೇಕು. ಅಲ್ಲಿಂದ 72 ಗಂಟೆ ಓಡಬೇಕು, ಜೋಡಿ ಸ್ಪ್ರಿಂಗ್ ಡಬ್ಬಿ ಇರೋದೇ ಅದಕ್ಕೆ. (ಎಚ್‌ಎಂಟಿ ಜನತಾಗೆ ದಿನಾ ಬೆಳಿಗ್ಗೆ ಕೀ ಕೊಟ್ಟು ಅಭ್ಯಾಸ ಇರೋರು ಇದಕ್ಕೆ ಎರಡು ದಿನಕ್ಕೊಮ್ಮೆ ಕೊಟ್ಟರೆ ಸಾಕು.) ಟೈಮ್‌ಗ್ರಾಫರ್‌ನಲ್ಲಿ (ವಾಚಿನ ಟಿಕ್‌ಟಿಕ್ ಕೇಳಿ ಓಟ ಅಳೆಯುವ ಯಂತ್ರ) ಗಂಟೆಗೆ 21,600 ಬಡಿತಕ್ಕೆ ಹೊಂದಿಸಿ ಮಲಗಿಸಿ ಅಳೆಯಿರಿ. ಪೂರ್ತಿ ಕೀ ಇದ್ದೂ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಆಡುವ ಅಗಲ) 250 ಡಿಗ್ರಿ ದಾಟದಿದ್ದರೆ ಎಣ್ಣೆ ಒಣಗಿದೆ ಅಂತಲೇ ಅನುಮಾನಿಸಿ. ದಿನಕ್ಕೆ ಕೆಲವು ನಿಮಿಷ ಮುಂದೆ ಓಡಿದರೆ ಮೊದಲು ಅಯಸ್ಕಾಂತದ ಪ್ರಭಾವ ತೆಗೆಸಿ, ಬ್ಯಾಲೆನ್ಸ್ ಆಡಿಸುವ ಹೇರ್‌ಸ್ಪ್ರಿಂಗ್‌ನ ಸುರುಳಿ ಒಂದಕ್ಕೊಂದು ಅಂಟಿರಬಹುದು.

ಮುಳ್ಳುಗಂಟೆ:
ಬದಿ ಫಳಫಳ ಅಂತಿದೆ. ಗೆರೆ ಒಂದೂ ಇಲ್ಲ.

ಅರಮಣಿ:
ಹಾಗಾದ್ರೆ ರೇಟು ಇಳಿಸಿ ಕೇಳಿ, ಇಲ್ಲಾ ಬಿಡಿ.