ಅಪ್‌ಡೇಟ್: ‘ನಾಳೆ ಓದ್ತೀನಿ’ ಅನ್ನೋದು ಕಡಿಮೆಯಾಗಿದೆ

ಹೋದ ತಿಂಗಳು ಕೇಳಿದ್ದೆ: ಗುಬ್ಬಿಯಿಂದ ತುಮಕೂರಿಗೆ ದಿನಾ ಬಸ್ಸಲ್ಲಿ ಓಡಾಡುವ ಬಿಕಾಂ ವಿದ್ಯಾರ್ಥಿನಿ ನಾನು, ಓದನ್ನು ನಾಳೆಗೆ ತಳ್ಳುತ್ತಲೇ ಇದ್ದೇನೆ, ಏನು ಮಾಡಲಿ ಅಂತ. 25 ನಿಮಿಷ ಓದು, 5 ನಿಮಿಷ ಬಿಡುವು, ಈ ಪೊಮೊಡೊರೊ ಪದ್ಧತಿ ಹಿಡಿ ಅಂದಿದ್ದಿರಿ.

ಮೊದಲ ಮೂರು ದಿನ ಕೈ ಸುಮ್ನೆ ಮೊಬೈಲ್ ಹುಡುಕುತ್ತಿತ್ತು. ಈಗ ಅದನ್ನು ಅಡುಗೆಮನೆಯ ರಾಗಿಹಿಟ್ಟಿನ ಡಬ್ಬದ ಮೇಲಿಟ್ಟು, ಗೋಡೆ ಗಡಿಯಾರ ನೋಡಿಕೊಂಡು ಕೂರುತ್ತೇನೆ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಒಂದೇ ಲೆಕ್ಕ ಅಂತ ಶುರು ಮಾಡಿದರೆ ಎರಡನೆಯದಕ್ಕೆ ಕೈ ತಾನಾಗೇ ಹೋಗುತ್ತದೆ. ಶುರು ಮಾಡೋದೇ ಜಾಸ್ತಿ ಕಷ್ಟ, ಅಲ್ವಾ?

ಬಸ್ಸಲ್ಲಿ ಓದಿದರೆ ತಲೆ ಸುತ್ತುತ್ತದೆ. ಅದಕ್ಕೇ ಹಿಂದಿನ ರಾತ್ರಿ ಓದಿದ್ದನ್ನು ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳುತ್ತೇನೆ. ಮರೆತದ್ದು ಅಲ್ಲೇ ಗೊತ್ತಾಗುತ್ತದೆ.

ಇಂಟರ್ನಲ್ಸ್‌ಗೆ 12 ದಿನ ಇದೆ, ಮೂರು ಯೂನಿಟ್ ಮುಗಿದಿವೆ. ನಿಮ್ಮೆಲ್ಲರಿಗೂ ತುಂಬಾ ಥ್ಯಾಂಕ್ಸ್.